ಸುಟ್ಟ ಪಿಸ್ಟನ್ನಿನ ಸಾಕ್ಷಿ: ಹಳೆಯ ಜೆಟ್ ಸ್ಕೀ ಎಂಜಿನ್ ಕೆಡುವುದು ಏಕೆ?

ಹಳೆಯ ಜೆಟ್ ಸ್ಕೀ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ಕಥೆ ಒಂದಿದೆ. ಪೂರ್ತಿ ವೇಗದಲ್ಲಿ ಹೋಗುತ್ತಿದ್ದಾಗ ಎಂಜಿನ್ ಸೀಜ್ ಆಗುತ್ತದೆ. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ ಸುಟ್ಟಿರುತ್ತದೆ. ಕೈತುಂಬ ಹಣ ಸುರಿದು ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸುತ್ತಾರೆ. ಮತ್ತೆ ನೀರಿಗಿಳಿಸಿದ ಸ್ವಲ್ಪ ಹೊತ್ತಿಗೇ ಅದೇ ಸಿಲಿಂಡರಿನ ಹೊಸ ಪಿಸ್ಟನ್ನೂ ಸುಟ್ಟುಹೋಗುತ್ತದೆ. ಆಗ ಬಿಡಿಭಾಗ ಕಳಪೆ ಎಂದೋ ಮೆಕ್ಯಾನಿಕ್ ಸರಿಯಿಲ್ಲ ಎಂದೋ ದೂರು ಶುರುವಾಗುತ್ತದೆ. ಮೊದಲನೆಯ ಪಿಸ್ಟನ್ ಸುಟ್ಟದ್ದೇಕೆ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಈ ಎಂಜಿನ್ನುಗಳಲ್ಲಿ ಕೊನೆಗೆ ಒಡೆಯುವ ಭಾಗ ಒಂದು, ಅದನ್ನು ಒಡೆಸುವ ಭಾಗ ಇನ್ನೊಂದು. ಒಡೆಸುವ ಭಾಗ ಹೆಚ್ಚಿನ ಸಲ ಸಣ್ಣದು, ಅಗ್ಗದ್ದು, ಕಣ್ಣಿಗೆ ಬೀಳದ್ದು. ಅದನ್ನು ಹುಡುಕುವ ಕೆಲಸಕ್ಕೆ ದೊಡ್ಡ ವರ್ಕ್‌ಶಾಪ್ ಬೇಡ. ಎಂಜಿನ್ ಹೇಗೆ ಉಸಿರಾಡುತ್ತದೆ, ಹೇಗೆ ತಣ್ಣಗಾಗುತ್ತದೆ ಎಂಬ ತಿಳಿವಳಿಕೆ ಮತ್ತು ಒಂದೊಂದಾಗಿ ಪರೀಕ್ಷಿಸುವ ತಾಳ್ಮೆ ಇದ್ದರೆ ಸಾಕು.

ನೀರಿನ ಮೇಲಿನ ಮೋಟಾರ್ ಸೈಕಲ್ಲಿನಂಥ ಈ ವಾಹನದ ಕಲ್ಪನೆ ಅಮೆರಿಕದ ಮೋಟೊಕ್ರಾಸ್ ಸವಾರ ಕ್ಲೇಟನ್ ಜೇಕಬ್ಸನ್ ಅವರದು. ಕೆನಡಾದ ಬೊಂಬಾರ್ಡಿಯೇ ಕಂಪನಿ 1968ರಲ್ಲಿ ಸೀ-ಡೂ ಎಂಬ ಹೆಸರಿನಲ್ಲಿ ಒಂದು ಮಾದರಿಯನ್ನು ಹೊರತಂದು, ಬೇಗನೇ ಕೈಬಿಟ್ಟಿತು. 1970ರ ದಶಕದ ಆರಂಭದಲ್ಲಿ ಜಪಾನಿನ ಕವಾಸಾಕಿ ಕಂಪನಿಯ, ನಿಂತು ಓಡಿಸುವ ಜೆಟ್ ಸ್ಕೀ ಬಂತು. 1980ರ ದಶಕದ ಉತ್ತರಾರ್ಧದಲ್ಲಿ ಯಮಾಹಾ ಕೂತು ಓಡಿಸುವ ವೇವ್‌ರನ್ನರನ್ನು ತಂದಿತು. 1988ರಲ್ಲಿ ಸೀ-ಡೂ ಹೊಸ ರೂಪದಲ್ಲಿ ಮರಳಿತು. 1990ರ ದಶಕದಲ್ಲಿ ಅಮೆರಿಕದ ಸರೋವರಗಳ ಮೇಲೆಲ್ಲ ಇವು ಹರಡಿಕೊಂಡವು. ಆ ಕಾಲದ ಗಾಡಿಗಳು ಮಿಶಿಗನ್, ಮಿನಸೋಟದಂಥ ಕೆರೆಗಳ ನಾಡಿನಲ್ಲಿ ಇವತ್ತಿಗೂ ಕೈಯಿಂದ ಕೈಗೆ ದಾಟುತ್ತಿವೆ. ಅಲ್ಲಿ ನೆಲೆಸಿದ ಕನ್ನಡಿಗರೂ ಇವನ್ನು ಕೊಳ್ಳುವುದುಂಟು. ನಮ್ಮ ಮಲ್ಪೆ, ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಿಗರನ್ನು ಹೊತ್ತು ಓಡುವ ಜೆಟ್ ಸ್ಕೀಗಳ ತಾಪತ್ರಯಗಳೂ ಬಹುಪಾಲು ಇದೇ ಬಗೆಯವು.

ಮಾತಿಗೆ ಒಂದೇ ಎಂಜಿನ್ ಹಿಡಿದುಕೊಳ್ಳೋಣ. 1990ರ ದಶಕದ ಅನೇಕ ಸೀ-ಡೂ ಮಾದರಿಗಳಲ್ಲಿದ್ದ, ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ 717 ಎಂಬ ಟೂ ಸ್ಟ್ರೋಕ್ ಎಂಜಿನ್. ಎರಡು ಸಿಲಿಂಡರ್, 82 ಮಿ.ಮೀ. ಬೋರ್, ಒಟ್ಟು 718 ಸಿಸಿ, ಸುಮಾರು 85 ಅಶ್ವಶಕ್ತಿ. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 6,800 ಸುತ್ತಿನ ಆಸುಪಾಸು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ದಹನ. ಅಂದರೆ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 110ಕ್ಕೂ ಹೆಚ್ಚು ಸಲ ಬೆಂಕಿ ಹೊತ್ತಿ ಆರುತ್ತದೆ. ರಸ್ತೆಯ ಗಾಡಿಗೆ ಇಳಿಜಾರು, ಸಿಗ್ನಲ್ಲು, ತಿರುವು ಎಂದು ಬಿಡುವು ಸಿಗುತ್ತದೆ. ಜೆಟ್ ಸ್ಕೀ ಸವಾರ ಮಾತ್ರ ಥ್ರಾಟಲ್ ಒತ್ತಿದ ಬೆರಳನ್ನು ಎತ್ತುವುದೇ ಕಡಿಮೆ. ಸಣ್ಣ ದೋಷವೂ ಇಲ್ಲಿ ಬೇಗ ದೊಡ್ಡದಾಗುವುದಕ್ಕೆ ಇದೇ ಕಾರಣ.

ಮೈಸೂರಿನಲ್ಲಿ 1990ರ ದಶಕದವರೆಗೂ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಬಲ್ಲವರಿಗೆ ಟೂ ಸ್ಟ್ರೋಕಿನ ಗುಟ್ಟು ಗೊತ್ತು. ಅದರ ತಳದಲ್ಲಿ ಆಯಿಲ್ ನಿಂತಿರುವುದಿಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗಿ, ಪಿಸ್ಟನ್ ಕೆಳಗಿಳಿದಾಗ ಅಲ್ಲಿಂದ ಮೇಲಕ್ಕೆ ಒತ್ತಲ್ಪಡುತ್ತದೆ. ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಆಯಿಲ್ ಈ ಮಿಶ್ರಣದ ಜೊತೆಗೇ ಬರಬೇಕು. ಸೀ-ಡೂ ಗಾಡಿಯಲ್ಲಿ ಆಯಿಲಿಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇದ್ದರೂ ಒಳಗೆ ಸಾಗುವ ದಾರಿ ಇದೇ. ಇನ್ನೂ ಒಂದು ಕೆಲಸ ಪೆಟ್ರೋಲಿನದು. ಅದರ ಹನಿಗಳು ಆವಿಯಾಗುವಾಗ ಕ್ರ್ಯಾಂಕ್ ಮತ್ತು ಪಿಸ್ಟನ್ನಿನ ಬಿಸಿಯನ್ನು ಹೀರಿಕೊಳ್ಳುತ್ತವೆ. ಹೀಗೆ ಪೆಟ್ರೋಲ್ ಇಲ್ಲಿ ಉರುವಲೂ ಹೌದು, ತಂಪು ಕೊಡುವ ದ್ರವವೂ ಹೌದು, ಆಯಿಲನ್ನು ಹೊತ್ತೊಯ್ಯುವ ವಾಹಕವೂ ಹೌದು.

ಪೆಟ್ರೋಲ್ ಕಡಿಮೆಯಾದರೆ ಮೂರೂ ಒಟ್ಟಿಗೆ ಕೈಕೊಡುತ್ತವೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು; ಗರಿಷ್ಠ ಶಕ್ತಿ ಬೇಕೆಂದರೆ 12.5ರಿಂದ 13 ಪಾಲು ಗಾಳಿಯ, ಅಂದರೆ ಪೆಟ್ರೋಲ್ ತುಸು ಹೆಚ್ಚಿರುವ ಮಿಶ್ರಣ ಬೇಕು. ಪೂರ್ತಿ ಥ್ರಾಟಲ್ಲಿನಲ್ಲಿ ಪೆಟ್ರೋಲ್ ಕೊರತೆಯಾದರೆ ದಹನದ ಬಿಸಿ ಪಿಸ್ಟನ್ನಿನ ತಲೆಯಲ್ಲಿ ಶೇಖರವಾಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಮೇಲಾಗಿ ಸಿಲಿಂಡರಿನ ಸುತ್ತ ತಣ್ಣೀರು ಹರಿಯುತ್ತಿರುವುದರಿಂದ ಅದು ಹಿಗ್ಗುವುದೇ ಅಲ್ಪ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಹೊಯ್ದರೆ ಅದು ಮರವನ್ನು ಕಚ್ಚಿ ಹಿಡಿಯುತ್ತದಲ್ಲ, ಇಲ್ಲೂ ಹಾಗೆಯೇ: ಹೊರಗಿನದು ತಣ್ಣಗೆ ಬಿಗಿಯಾಗಿರುವಾಗ ಒಳಗಿನದು ಉಬ್ಬುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಕೂದಲೆಳೆಯ ದಪ್ಪ, ಸುಮಾರು 0.1 ಮಿ.ಮೀ. ಪಿಸ್ಟನ್ ಇರಬೇಕಾದ್ದಕ್ಕಿಂತ 100 ಡಿಗ್ರಿ ಹೆಚ್ಚು ಕಾಯ್ದರೆ ಅದರ ಅಡ್ಡಳತೆ 0.15 ಮಿ.ಮೀ.ಗೂ ಮಿಕ್ಕಿ ಬೆಳೆಯುತ್ತದೆ. ಸಂದು ಮುಗಿಯಿತು. ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಉಜ್ಜಿ, ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಸೀಜ್ ಎಂದು ನಾವು ಕರೆಯುವುದು ಇದನ್ನೇ.

ಪೆಟ್ರೋಲ್ ಕಡಿಮೆಯಾದದ್ದು ಎಲ್ಲಿ? ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟವನ್ನು ಕಾಯುವ ಫ್ಲೋಟ್ ಇರುತ್ತದೆ. ಅಲೆಗಳ ಮೇಲೆ ಕುಣಿಯುವ, ಮಗುಚಿಬೀಳುವ ಗಾಡಿಗೆ ಅದು ಒಗ್ಗದು. ಆದ್ದರಿಂದ ಇಲ್ಲಿ ಮಿಕುನಿ ಕಂಪನಿಯ, ರಬ್ಬರ್ ಪೊರೆಯಿಂದ ನಡೆಯುವ ಕಾರ್ಬುರೇಟರ್. ಕ್ರ್ಯಾಂಕ್‌ಕೇಸಿನಲ್ಲಿ ಏರಿಳಿಯುವ ಒತ್ತಡ ಒಂದು ಸಣ್ಣ ಕೊಳವೆಯ ಮೂಲಕ ಪೊರೆಯನ್ನು ಮಿಡಿಸುತ್ತದೆ. ಆ ಮಿಡಿತವೇ ಪೆಟ್ರೋಲ್ ಪಂಪ್. ಕಾರ್ಬುರೇಟರಿನ ಹೊಟ್ಟೆಯೊಳಗೆ, ಹೊರಗಿನಿಂದ ಕಾಣದಂತೆ, ಬೆರಳಿನ ಉಗುರಿನಷ್ಟು ಒಂದು ಜಾಲರಿ ಫಿಲ್ಟರ್ ಕೂತಿದೆ.

1990ರ ದಶಕದ ಸೀ-ಡೂಗಳಲ್ಲಿ ಕಂಪನಿ ಹಾಕಿದ್ದ ಬೂದು ಬಣ್ಣದ ಪೆಟ್ರೋಲ್ ಪೈಪುಗಳ ದೋಷ ಈ ಗಾಡಿಗಳನ್ನು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ವರ್ಷಗಳು ಕಳೆದಂತೆ ಆ ಪೈಪಿನ ಒಳಪದರ ಪೆಟ್ರೋಲಿನಲ್ಲಿ ಕರಗುತ್ತಾ ಹಸಿರು ಬಣ್ಣದ ಅಂಟಾಗಿ ಹರಿದುಬರುತ್ತದೆ. ಹೊರಗಿನಿಂದ ಪೈಪು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಹಸಿರು ಅಂಟು ಮಾತ್ರ ಆ ಉಗುರಗಲದ ಜಾಲರಿಯನ್ನು ಮುಚ್ಚಿಬಿಡುತ್ತದೆ. ನಿಧಾನವಾಗಿ ಓಡಿಸುವಾಗ ಅರ್ಧ ಮುಚ್ಚಿದ ಜಾಲರಿಯಿಂದಲೂ ಸಾಕಷ್ಟು ಪೆಟ್ರೋಲ್ ಬರುತ್ತದೆ, ಏನೂ ತಿಳಿಯುವುದಿಲ್ಲ. ಪೂರ್ತಿ ರೇಸ್ ಕೊಟ್ಟಾಗ ಸಾಲದೆ ಬರುತ್ತದೆ. ಎಂಜಿನ್ ಮಾತ್ರ ನಿಲ್ಲುವುದಿಲ್ಲ. ಮಿಶ್ರಣ ಬಡವಾದಂತೆ ಸ್ವಲ್ಪ ಹೊತ್ತು ಇನ್ನೂ ಚುರುಕಾಗಿಯೇ ಓಡುವುದೂ ಉಂಟು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಇದೇ. ಇದು ತೊದಲಿ, ಕೆಮ್ಮಿ, ಮುನ್ಸೂಚನೆ ಕೊಟ್ಟು ಬರುವ ಕೆಡುಕಲ್ಲ. ಚೆನ್ನಾಗಿ ಓಡುತ್ತಿದ್ದ ಗಾಡಿ ಒಮ್ಮೆಲೇ ನಿಲ್ಲುತ್ತದೆ. ಪಿಸ್ಟನ್ ಬದಲಿಸಿ ಪೈಪು ಬದಲಿಸದವನ ಎರಡನೆಯ ಪಿಸ್ಟನ್ ಸುಡುವುದು ಖಂಡಿತ.

ಆದ್ದರಿಂದ ಸುಟ್ಟ ಪಿಸ್ಟನ್ನನ್ನು ಗುಜರಿಗೆ ಎಸೆಯುವ ಮೊದಲು ಕೈಗೆತ್ತಿಕೊಂಡು ಬೆಳಕಿನಲ್ಲಿ ನೋಡಬೇಕು. ಗೀರುಗಳೆಲ್ಲ ಎಕ್ಸಾಸ್ಟ್ ಕಡೆಗೇ ಇದ್ದರೆ ಮಿಶ್ರಣ ಬಡವಾಗಿ ಅತಿಯಾಗಿ ಕಾಯ್ದಿದೆ ಎಂದು ಅರ್ಥ. ಬಿಸಿ ಹೊಗೆ ಹೊರಹೋಗುವ ಆ ಪಕ್ಕವೇ ಸದಾ ಹೆಚ್ಚು ಕಾಯುವ ಪಕ್ಕ. ನಾಲ್ಕು ಮೂಲೆಗಳಲ್ಲಿ ಸಮನಾಗಿ ಉಜ್ಜಿದ ಗುರುತಿದ್ದರೆ ಬೇರೆ ಕಥೆ: ತಣ್ಣಗಿದ್ದ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಓಡಿಸಿರಬಹುದು, ಸಿಲಿಂಡರ್ ಬಿಸಿಯಾಗುವ ಮೊದಲೇ ಪಿಸ್ಟನ್ ಉಬ್ಬಿದೆ; ಅಥವಾ ಬೋರ್ ಮಾಡಿದವರು ಸಂದನ್ನು ತೀರಾ ಬಿಗಿ ಇಟ್ಟಿದ್ದಾರೆ. ಸುತ್ತಲೂ ಒಣಗಿ ಉಜ್ಜಿದ್ದರೆ ಆಯಿಲ್ ಪಂಪಿನ ಕಡೆ ನೋಡಬೇಕು. ನೆತ್ತಿಯಲ್ಲೇ ತೂತು ಬಿದ್ದಿದ್ದರೆ ಕಾಲಕ್ಕೆ ಮುಂಚಿನ ದಹನ ಅಥವಾ ಸಿಡಿತ ಕಾರಣ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ದಹನದ ಅನಿಲ 2000 ಡಿಗ್ರಿ ದಾಟುತ್ತದೆ; ಇವೆರಡರ ನಡುವೆ ಪಿಸ್ಟನ್ ಉಳಿದಿರುವುದೇ ತಂಪು ಸರಿಯಾಗಿ ಸಿಗುತ್ತಿರುವುದರಿಂದ. ಒಂದೇ ಸಿಲಿಂಡರ್ ಕೆಟ್ಟಿದ್ದರೆ ಆ ಸಿಲಿಂಡರಿಗೆ ಮಾತ್ರ ಸಂಬಂಧಿಸಿದ್ದನ್ನು ಹುಡುಕಬೇಕು: ಅದರ ಕಾರ್ಬುರೇಟರ್, ಅದರ ಜೆಟ್, ಅದರ ಪಕ್ಕದ ಕ್ರ್ಯಾಂಕ್ ಸೀಲ್. ಎರಡೂ ಕೆಟ್ಟಿದ್ದರೆ ಎರಡಕ್ಕೂ ಸೇರಿದ ಟ್ಯಾಂಕ್, ಪೈಪ್, ಪಂಪ್, ಆಯಿಲ್.

ಕ್ರ್ಯಾಂಕ್ ಸೀಲ್ ಎಂದೆನಲ್ಲ, ಅದೂ ಒಂದು ಗುಪ್ತ ಕಾರಣ. ಟೂ ಸ್ಟ್ರೋಕ್ ಎಂಜಿನ್ನಿನ ತಳಭಾಗ ಗಾಳಿಯಾಡದಂತೆ ಮುಚ್ಚಿರಬೇಕು. ಸೀಲ್ ಒಣಗಿ ಬಿರಿದರೆ ಅಲ್ಲಿಂದ ಕಳ್ಳಗಾಳಿ ಒಳನುಗ್ಗುತ್ತದೆ. ಕಾರ್ಬುರೇಟರ್ ಕೊಟ್ಟ ಪೆಟ್ರೋಲ್ ಸರಿಯಾಗಿದ್ದರೂ ಗಾಳಿ ಹೆಚ್ಚಾಗಿ ಮಿಶ್ರಣ ಬಡವಾಗುತ್ತದೆ. ಇದನ್ನು ಪತ್ತೆಹಚ್ಚಲು ಎಂಜಿನ್ನಿನ ದ್ವಾರಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ 5ರಿಂದ 8 ಪಿಎಸ್‌ಐ ಗಾಳಿ ತುಂಬಿ, ಒತ್ತಡ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಸಾಬೂನು ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಎಂಜಿನ್ ಹೊಸದಾಗಿ ಕೂರಿಸಿದ ಮೇಲೆ ಈ ಪರೀಕ್ಷೆ ಮಾಡದೆ ಸ್ಟಾರ್ಟ್ ಮಾಡುವವರು ಜೂಜಾಡುತ್ತಿದ್ದಾರೆ.

ಇನ್ನು ಸ್ಟಾರ್ಟೇ ಆಗದ ಗಾಡಿ. ಇಲ್ಲಿ ಮೊದಲ ಕೆಲಸ ಸೀಟು ತೆಗೆದು ಕಾಯುವುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಜೆಟ್ ಸ್ಕೀಯ ಒಡಲು ಮುಚ್ಚಿದ ತೊಟ್ಟಿ. ಕಿಡಿ ಹಾರಿಸುವ ಮೊದಲು ಆವಿ ಹೊರಹೋಗಲಿ. ಮೂಗಿಗೆ ಪೆಟ್ರೋಲ್ ವಾಸನೆ ಬಡಿದರೆ ಸೋರುವುದನ್ನು ಹುಡುಕುವವರೆಗೆ ಮುಂದಿನ ಹೆಜ್ಜೆ ಬೇಡ.

ಆಮೇಲೆ ಕಂಪ್ರೆಷನ್. ಎರಡೂ ಪ್ಲಗ್ ಬಿಚ್ಚಿ, ಪ್ಲಗ್ ವೈರುಗಳನ್ನು ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ, ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಒತ್ತಬೇಕು. ಒಳ್ಳೆಯ 717 ಎಂಜಿನ್ 150 ಪಿಎಸ್‌ಐ ಆಸುಪಾಸು ತೋರಿಸುತ್ತದೆ; 120ಕ್ಕಿಂತ ಕೆಳಗಿದ್ದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಾಗಿದೆ. ಗೇಜಿನಿಂದ ಗೇಜಿಗೆ ಅಂಕಿ ಬದಲಾಗುವುದರಿಂದ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಹೆಚ್ಚು ನಂಬಿಕೆಯದು. ಅದು ಶೇ. 10 ದಾಟಬಾರದು. ಕಂಪ್ರೆಷನ್ ಇಲ್ಲದ ಎಂಜಿನ್ನಿನಲ್ಲಿ ಕಾರ್ಬುರೇಟರ್ ತೊಳೆಯುವುದು, ಪ್ಲಗ್ ಬದಲಿಸುವುದು ಎಲ್ಲವೂ ವ್ಯರ್ಥ. ಹಾಗಾಗಿ ಇದು ಮೊದಲು.

ಕಂಪ್ರೆಷನ್ ಸರಿಯಿದ್ದರೆ ಕರೆಂಟ್. ಪ್ಲಗ್ಗನ್ನು ಸಿಲಿಂಡರಿನ ತೂತಿನಿಂದ ದೂರ ಹಿಡಿದು, ಗಟ್ಟಿಯಾಗಿ ಅರ್ತ್ ಮಾಡಿಯೇ ಕಿಡಿ ನೋಡಬೇಕು. ತೂತಿನಿಂದ ಪೆಟ್ರೋಲ್ ಮಂಜು ಹಾರುತ್ತಿರುತ್ತದೆ, ಮತ್ತು ಅರ್ತ್ ಇಲ್ಲದೆ ಸೆಲ್ಫ್ ಹೊಡೆದರೆ ಇಗ್ನಿಷನ್ ಎಲೆಕ್ಟ್ರಾನಿಕ್ಸ್ ಸುಡಬಹುದು. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಿದ ಮಾತ್ರಕ್ಕೆ ನಂಬಬೇಡಿ, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಿ. 10 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಯನ್ನೂ ಅರ್ತ್ ಕೇಬಲನ್ನೂ ಅನುಮಾನಿಸಬೇಕು. ಉಪ್ಪುನೀರಿನ ಗಾಡಿಯಲ್ಲಿ ಹಸಿರುಗಟ್ಟಿದ ಅರ್ತ್ ಕೇಬಲ್ ಮಾಡುವ ಅನಾಹುತವನ್ನು ಬ್ಯಾಟರಿಯ ತಲೆಗೆ ಕಟ್ಟುವುದು ಮಾಮೂಲು. ಕಿಡಿ ಚೆನ್ನಾಗಿದ್ದರೆ, ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದು ಚಮಚದಷ್ಟು ಪ್ಲಗ್ ತೂತಿಗೆ ಹಾಕಿ, ಪ್ಲಗ್ ಬಿಗಿದು ಸೆಲ್ಫ್ ಒತ್ತಿ. ಎಂಜಿನ್ ಹೊತ್ತಿ ಕೂಡಲೇ ನಿಂತರೆ ಕೊರತೆ ಪೆಟ್ರೋಲ್ ಪೂರೈಕೆಯಲ್ಲಿದೆ ಎಂಬುದು ಖಚಿತ. ಓಡುತ್ತಾ ಓಡುತ್ತಾ ಸೊರಗುವ ಗಾಡಿಯ ಟ್ಯಾಂಕಿನ ಮುಚ್ಚಳ ತೆರೆದ ಕೂಡಲೇ ಚೇತರಿಸಿಕೊಂಡರೆ, ಟ್ಯಾಂಕಿಗೆ ಗಾಳಿ ಬಿಡುವ ಪುಟ್ಟ ವಾಲ್ವ್ ಕಟ್ಟಿಕೊಂಡಿದೆ.

ವರ್ಷಗಟ್ಟಲೆ ನಿಂತಿದ್ದ ರೋಟಾಕ್ಸ್ ಎಂಜಿನ್ನಿನ ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಮಿಶ್ರಣವನ್ನು ಒಳಬಿಡುವ ತಿರುಗುತಟ್ಟೆ ವಾಲ್ವಿನ ಗೇರುಗಳಿಗೆ ಟ್ಯಾಂಕಿನಿಂದ ನೇರವಾಗಿ ಆಯಿಲ್ ಬರುತ್ತದೆ. ಅಲ್ಲಿನ ಸೀಲ್ ಸವೆದರೆ ಆಯಿಲ್ ತೊಟ್ಟಿಕ್ಕಿ ತೊಟ್ಟಿಕ್ಕಿ ಕ್ರ್ಯಾಂಕ್‌ಕೇಸಿನಲ್ಲಿ ತುಂಬಿಕೊಳ್ಳುತ್ತದೆ. ಸೆಲ್ಫ್ ಒತ್ತಿದರೆ ಧಡ್ ಎಂದು ನಿಲ್ಲುತ್ತದೆ. ನೋಡುವವರಿಗೆ ಎಂಜಿನ್ ಜಾಮ್ ಆದಂತೆ ಕಾಣುತ್ತದೆ. ಪ್ಲಗ್ ಬಿಚ್ಚಿ ಕೈಯಲ್ಲಿ ತಿರುಗಿಸಿದರೆ ಆಯಿಲ್ ಹೊರಬಂದು ನಿಜ ತಿಳಿಯುತ್ತದೆ. ಒತ್ತಾಯದಿಂದ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ಆಯಿಲನ್ನಾಗಲಿ ನೀರನ್ನಾಗಲಿ ಗಾಳಿಯಂತೆ ಕುಗ್ಗಿಸಲು ಆಗುವುದಿಲ್ಲ.

ಸಿಲಿಂಡರಿಗೆ ನೀರು ಹೋಗುವುದು ಬಹುಮಟ್ಟಿಗೆ ನಮ್ಮ ಕೈಯಿಂದಲೇ. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಜೆಟ್ ಪಂಪಿನ ಒತ್ತಡದಿಂದ ಕೆರೆಯ ನೀರೇ ಎಂಜಿನ್ನಿನ ಸುತ್ತ ಹರಿದು, ಎಕ್ಸಾಸ್ಟಿಗೂ ಸೇರಿ ಹೊರಹೋಗುತ್ತದೆ. ಉಪ್ಪು ತೊಳೆಯಲು ಮನೆಯ ನಲ್ಲಿ ಪೈಪ್ ಜೋಡಿಸಿದಾಗ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ನೀರು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಕ್ರಮ ತಪ್ಪಿದರೆ ನೀರನ್ನು ಹೊರದೂಡುವ ಹೊಗೆ ಇಲ್ಲದೆ ಅದು ಎಕ್ಸಾಸ್ಟಿನಲ್ಲಿ ಏರಿ ಸಿಲಿಂಡರಿಗೆ ಇಳಿಯುತ್ತದೆ. ಕೆಟ್ಟು ನಿಂತ ಜೆಟ್ ಸ್ಕೀಯನ್ನು ದೋಣಿಗೆ ಕಟ್ಟಿ ವೇಗವಾಗಿ ಎಳೆದರೂ ಹೀಗೆಯೇ ಆಗುತ್ತದೆ. ಮಗುಚಿಬಿದ್ದ ಗಾಡಿಯನ್ನು ಹಿಂಭಾಗದಲ್ಲಿ ಅಂಟಿಸಿದ ಚೀಟಿ ತೋರಿಸುವ ದಿಕ್ಕಿನಲ್ಲೇ ತಿರುಗಿಸಿ ಎಬ್ಬಿಸಬೇಕು. ನೀರು ಹೋಗಿದ್ದರೆ ಕೆಲವೇ ಗಂಟೆಗಳೊಳಗೆ ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಆಯಿಲ್ ಬಿಟ್ಟು, ಎಂಜಿನ್ ಓಡಿಸಿ ಒಣಗಿಸಬೇಕು. ಉಪ್ಪುನೀರು ಒಂದು ರಾತ್ರಿ ಉಳಿದರೂ ಕ್ರ್ಯಾಂಕ್ ಬೇರಿಂಗ್ ತುಕ್ಕು ಹಿಡಿಯುತ್ತದೆ, ಪರಿಣಾಮ ಕಾಣುವುದು ಎಷ್ಟೋ ದಿನಗಳ ನಂತರ.

ಎಂಜಿನ್ನಿನದೆಂದು ತೋರುವ, ಆದರೆ ಎಂಜಿನ್ನಿನದಲ್ಲದ ತೊಂದರೆಯೂ ಒಂದಿದೆ. ರೇಸ್ ಏರುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಪಂಪಿನ ಇಂಪೆಲ್ಲರಿಗೂ ಅದರ ಸುತ್ತಲಿನ ಸವೆಯುವ ಬಳೆಗೂ ನಡುವಿನ ಸಂದು ಹೆಚ್ಚಿದಾಗ, ಅಥವಾ ಪ್ಲಾಸ್ಟಿಕ್ ಚೀಲವೋ ಹಗ್ಗವೋ ಸಿಕ್ಕಿಕೊಂಡಾಗ, ರೆಕ್ಕೆಗಳ ಹಿಂದೆ ಒತ್ತಡ ಕುಸಿಯುತ್ತದೆ. ಒತ್ತಡ ವಾತಾವರಣದ ಸುಮಾರು 40ರಲ್ಲಿ ಒಂದು ಪಾಲಿಗೆ ಇಳಿದರೆ ನೀರು 20 ಡಿಗ್ರಿಯಲ್ಲೇ ಕುದಿಯುತ್ತದೆ. ಇಂಪೆಲ್ಲರ್ ಆಗ ನೀರಿನ ಬದಲು ಆವಿಯ ಗುಳ್ಳೆಗಳಲ್ಲಿ ತಿರುಗುತ್ತದೆ. ಆ ಗುಳ್ಳೆಗಳು ಒಡೆಯುವ ಹೊಡೆತಕ್ಕೆ ಲೋಹವೇ ಹಳ್ಳ ಬೀಳುತ್ತದೆ. ಗಾಡಿಯ ತಳವನ್ನು ಟಾರ್ಚ್ ಹಿಡಿದು ನೋಡದೆ ಎಂಜಿನ್ ಬಿಚ್ಚಬೇಡಿ.

ನಿಲ್ಲಿಸಿಡುವ ಕಾಲವೇ ಹೆಚ್ಚಿನ ರೋಗಗಳ ಹುಟ್ಟುಕಾಲ. ಮಿನಸೋಟದಲ್ಲಿ ಅದು ಚಳಿಗಾಲ: ಎಂಜಿನ್ನಿನ ನೀರುದಾರಿಯಲ್ಲಿ ಉಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9 ಹಿಗ್ಗಿ ಸಿಲಿಂಡರನ್ನೇ ಸೀಳುತ್ತದೆ. ನಮ್ಮ ಕರಾವಳಿಯಲ್ಲಿ ಅದು ಮಳೆಗಾಲ: ಜಲಕ್ರೀಡೆ ನಿಂತ ತಿಂಗಳುಗಳಲ್ಲಿ ಟ್ಯಾಂಕಿನ ಪೆಟ್ರೋಲ್ ಒದ್ದೆ ಗಾಳಿಯ ಜೊತೆಯಿರುತ್ತದೆ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್. ಅದು ನೀರನ್ನು ಸೆಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪೆಟ್ರೋಲ್ ಹೀರುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ಹಳೆಯ ರಬ್ಬರ್ ಪೊರೆಗಳಿಗೂ ಎಥನಾಲ್ ಹಿತವಲ್ಲ.

2002ರ ನಂತರ ಬಂದ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಈ ತೊಂದರೆಗಳು ಕಡಿಮೆ, ಆದರೆ ಅವಕ್ಕೆ ಬೇರೆಯವಿವೆ. ಎಂಜಿನ್ ಆಯಿಲ್ ಹಾಲುಹಾಲಾಗಿದ್ದರೆ ನೀರು ಸೇರಿದೆ, ಕೊಳ್ಳಬೇಡಿ. ಆರಂಭದ ಸೂಪರ್‌ಚಾರ್ಜರ್ ಸೀ-ಡೂಗಳಲ್ಲಿ ಪಿಂಗಾಣಿಯ ವಾಷರುಗಳಿದ್ದವು. ಅವು ಒಡೆದರೆ ಚೂರುಗಳು ಎಂಜಿನ್ನಿಗೇ ಸೇರುತ್ತವೆ. ಲೋಹದ ವಾಷರ್ ಹಾಕಿಸಿದ ದಾಖಲೆ ಕೇಳಿ.

ಕೊಳ್ಳಲು ಹೋದಾಗ ಎಂಜಿನ್ ತಣ್ಣಗಿರಬೇಕೆಂದು ಮಾರುವವರಿಗೆ ಮೊದಲೇ ತಿಳಿಸಿ. ಮುಟ್ಟಿ ನೋಡಿ, ಬಿಸಿಯಿದ್ದರೆ ನೀವು ಬರುವ ಮೊದಲು ಯಾರೋ ಅದನ್ನು ಪಳಗಿಸಿದ್ದಾರೆ. ಕಂಪ್ರೆಷನ್ ಗೇಜನ್ನು ನೀವೇ ಒಯ್ಯಿರಿ. ಅದನ್ನು ಹಾಕಲು ಬಿಡದವರ ಗಾಡಿ ಎಷ್ಟು ಅಗ್ಗವಾದರೂ ಬೇಡ. ಕೊಂಡದ್ದು 1990ರ ದಶಕದ ಸೀ-ಡೂ ಆಗಿದ್ದು, ಸೀಟಿನ ಕೆಳಗೆ ಬೂದು ಬಣ್ಣದ ಪೈಪ್ ಕಂಡರೆ, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಸರಿ, ಪೈಪುಗಳನ್ನೆಲ್ಲ ಬದಲಿಸಿ, ಕಾರ್ಬುರೇಟರ್ ಬಿಚ್ಚಿ ಒಳಗಿನ ಜಾಲರಿ ತೊಳೆಯುವವರೆಗೆ ದಯವಿಟ್ಟು ಅದನ್ನು ನೀರಿಗೆ ಇಳಿಸಬೇಡಿ.